ಕಿಬೋ ಪ್ರಯೋಗಾಲಯದ ಪುಟ್ಟ ಬಾಗಿಲು



ತಮಗೆ ವಿಜ್ಞಾನ ಕಲಿಸಿದ ಮೇಷ್ಟರ ನೆನಪಿಗೆ ಅವರ ಶಿಷ್ಯರೆಲ್ಲ ಸೇರಿ ಇಟ್ಟಿರುವ ದತ್ತಿಯ ಉಪನ್ಯಾಸ ಇದು. ವರ್ಷಕ್ಕೊಂದು ವಿಜ್ಞಾನದ ವಿಷಯವನ್ನು, ಅದನ್ನು ಓದದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಬೇಕು ಎಂಬುದೊಂದೇ ಅವರ ಷರತ್ತು. ಆ ಷರತ್ತಿಗೆ ಒಪ್ಪಿ ಇವತ್ತು ಒಂದು ಕೋಣೆಯ ವಿಚಾರ ಮಾತಾಡುತ್ತೇನೆ. ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2008ರಲ್ಲಿ ಜಪಾನ್ ದೇಶ ಸೇರಿಸಿದ ಪ್ರಯೋಗಾಲಯ ಅದು. ಹೆಸರು ಕಿಬೋ.

ಆ ನಿಲ್ದಾಣದಲ್ಲಿ ಪ್ರಯೋಗಾಲಯ ಇದೊಂದೇ ಅಲ್ಲ. ಅಮೆರಿಕದ ಡೆಸ್ಟಿನಿ 2001ರಲ್ಲೇ ಹೋಗಿತ್ತು. ಯುರೋಪಿನ ಕೊಲಂಬಸ್ 2008ರ ಫೆಬ್ರವರಿಯಲ್ಲಿ ಹೋಯಿತು. ರಷ್ಯಾದ ನೌಕಾ ಸೇರಿಕೊಂಡದ್ದು 2021ರಲ್ಲಿ. ಹಾಗಿದ್ದೂ ಕಿಬೋವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ಒಂದು ತುದಿಯಲ್ಲಿ ಪುಟ್ಟದೊಂದು ಬಾಗಿಲಿದೆ. ಅಂತರಿಕ್ಷದ ಪೋಷಾಕು ತೊಟ್ಟ ಮನುಷ್ಯ ಅದರಲ್ಲಿ ನುಸುಳಲಾರ. ಅದಿರುವುದು ಸಾಮಾನು ಹೊರಗಿಡುವುದಕ್ಕೆ, ಒಳತರುವುದಕ್ಕೆ. ಆ ಬಾಗಿಲಿನಿಂದಾಗಿ ಸ್ವಂತ ರಾಕೆಟ್ಟಿಲ್ಲದ ಎಷ್ಟೋ ದೇಶಗಳು ಕಕ್ಷೆಯಲ್ಲಿ ತಮ್ಮ ಮೊದಲ ಉಪಗ್ರಹವನ್ನು ಕಂಡವು. ಎಷ್ಟು ಜನರ ಪ್ರಯೋಗಕ್ಕೆ ಎಡೆಮಾಡಿಕೊಡುತ್ತದೆ ಎಂಬುದರ ಮೇಲೆಯೇ ಕಕ್ಷೆಯ ಪ್ರಯೋಗಾಲಯದ ಬೆಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಭಾರತ ತನ್ನದೇ ನಿಲ್ದಾಣ ಕಟ್ಟಲು ಹೊರಟಿರುವ ಈ ಹೊತ್ತಿನಲ್ಲಿ ಆ ಮಾತನ್ನು ಜಪಾನಿನ ಅನುಭವದ ಬಲದಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ, ಅಷ್ಟು ಎತ್ತರಕ್ಕೆ ಪ್ರಯೋಗಾಲಯ ಹೊತ್ತುಕೊಂಡು ಹೋಗುವುದೇಕೆ? ಮೇಲೆ ಗುರುತ್ವ ಇಲ್ಲ ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇವೆ. ಅದು ಸರಿಯಲ್ಲ. 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಎಳೆತ ನೆಲದ ಮೇಲಿರುವುದರ ಹೆಚ್ಚುಕಡಿಮೆ ಶೇಕಡಾ 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣ ಬೀಳುತ್ತಲೇ ಇದೆ. ಆದರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಸಾಗುವುದರಿಂದ ಅದು ಬಿದ್ದಷ್ಟೂ ಭೂಮಿಯ ಮೈ ಬಾಗಿ ಕೆಳಕ್ಕೆ ಸರಿಯುತ್ತದೆ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ನೀರಿನ ಹನಿಯೂ ಒಂದೇ ಸಮನೆ ಬೀಳುತ್ತಿರುವಾಗ ಒಂದು ವಸ್ತು ಇನ್ನೊಂದರ ಮೇಲೆ ಭಾರ ಹಾಕುವುದಿಲ್ಲ. ಈ ಸ್ಥಿತಿಯನ್ನೇ ಸೂಕ್ಷ್ಮಗುರುತ್ವ ಎನ್ನುತ್ತೇವೆ.

ನೆಲದ ಮೇಲೂ ಇದನ್ನು ಪಡೆಯಬಹುದು, ಕ್ಷಣಕಾಲ. ಜರ್ಮನಿಯ ಬ್ರೆಮೆನ್ ನಗರದಲ್ಲಿ ಎತ್ತರದ ಗೋಪುರದೊಳಗಿಂದ ಉಪಕರಣವನ್ನು ಕೆಳಕ್ಕೆ ಬಿಟ್ಟು ಪ್ರಯೋಗ ಮಾಡುತ್ತಾರೆ. ಸಿಗುವುದು ಕೆಲವೇ ಸೆಕೆಂಡು. ವಿಮಾನವನ್ನು ಕಮಾನಿನಂತೆ ಏರಿಸಿ ಇಳಿಸಿದರೆ 20 ಸೆಕೆಂಡು ಸಿಕ್ಕೀತು. ಸಣ್ಣ ರಾಕೆಟ್ಟಾದರೆ ಕೆಲವು ನಿಮಿಷ. ಹರಳು ಬೆಳೆಯುವುದಕ್ಕೆ, ಬೀಜ ಮೊಳೆಯುವುದಕ್ಕೆ, ಸ್ನಾಯುವಿನ ಕೋಶ ತನ್ನನ್ನು ರಿಪೇರಿ ಮಾಡಿಕೊಳ್ಳುವುದಕ್ಕೆ ದಿನಗಳು, ವಾರಗಳು ಬೇಕು. ಅಷ್ಟು ದೀರ್ಘವಾಗಿ ಬೀಳುತ್ತಲೇ ಇರುವ ಕೋಣೆ ಕಕ್ಷೆಯಲ್ಲಲ್ಲದೆ ಬೇರೆಲ್ಲೂ ಸಿಗದು.

ಈಗ ಕಿಬೋ ವಿಷಯಕ್ಕೆ ಬರುತ್ತೇನೆ. 1984ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ನಿಲ್ದಾಣ ಕಟ್ಟುವ ನಿರ್ಧಾರ ಪ್ರಕಟಿಸಿ ಮಿತ್ರ ದೇಶಗಳನ್ನೂ ಕರೆದರು. ಮರುವರ್ಷವೇ ಜಪಾನ್ ಪ್ರಾಥಮಿಕ ವಿನ್ಯಾಸದ ಒಪ್ಪಂದಕ್ಕೆ ಸಹಿ ಹಾಕಿತು. ಮನುಷ್ಯರನ್ನು ಕಕ್ಷೆಗೆ ಕರೆದೊಯ್ಯುವ ನೌಕೆ ಆಗ ಜಪಾನಿನ ಬಳಿ ಇರಲಿಲ್ಲ, ಇಂದಿಗೂ ಇಲ್ಲ. ಅದಿಲ್ಲದೆಯೂ ಕೋಣೆಯೊಂದನ್ನು ಕಟ್ಟಿಕೊಟ್ಟು, ಆ ಕೊಡುಗೆಯ ಹಕ್ಕಿನಿಂದ ತನ್ನ ಗಗನಯಾತ್ರಿಗಳಿಗೂ ವಿಜ್ಞಾನಿಗಳಿಗೂ ಅಲ್ಲಿ ಜಾಗ ಪಡೆಯುವ ದಾರಿಯನ್ನು ಅದು ಹಿಡಿಯಿತು. 1992ರಲ್ಲಿ ಜಪಾನಿನ ಗಗನಯಾತ್ರಿ ಮಮೋರು ಮೋರಿ ಅಮೆರಿಕದ ಎಂಡೆವರ್ ಷಟಲ್ ನೌಕೆಯಲ್ಲಿ ಹೋಗಿ, ನೌಕೆಯ ಹೊಟ್ಟೆಯೊಳಗೇ ಇರಿಸಿದ್ದ ತಾತ್ಕಾಲಿಕ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದರು. ಅದು ಪೂರ್ವಾಭ್ಯಾಸ.

ಸಹಿ ಬಿದ್ದ ವರ್ಷದಿಂದ ಪ್ರಯೋಗಾಲಯ ಕಕ್ಷೆ ತಲುಪುವವರೆಗೆ 23 ವರ್ಷ ಕಳೆದವು. ಮಿತ್ಸುಬಿಷಿ ಕಂಪನಿಯ ಎಂಜಿನಿಯರುಗಳು ನಗೋಯಾದಲ್ಲಿ ಕಟ್ಟಿ ಮುಗಿಸಿದ ಆ 11 ಮೀಟರಿನ ಕೊಳವೆ 2003ರ ಮೇ ತಿಂಗಳಲ್ಲಿ ಹಡಗೇರಿ ಜಪಾನ್ ಬಿಟ್ಟಿತು. ಅದಕ್ಕೆ ಮೂರೇ ತಿಂಗಳ ಹಿಂದೆ, ಫೆಬ್ರವರಿ 1ರಂದು, ಕೊಲಂಬಿಯಾ ನೌಕೆ ಮರಳುವ ಹಾದಿಯಲ್ಲಿ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡಿದ್ದರು. ಷಟಲ್ ಹಾರಾಟವೆಲ್ಲ ನಿಂತಿತ್ತು. ಹೊತ್ತೊಯ್ಯುವ ವಾಹನವೇ ಇಲ್ಲವೆಂದು ಗೊತ್ತಿದ್ದೂ ಕಿಬೋವನ್ನು ಫ್ಲೋರಿಡಾದ ಕೆನಡಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಅದು ಐದು ವರ್ಷ ಕಾದಿತು. ಕಾಯುವ ಕಾಲ ಪೂರ್ತಿ ವ್ಯರ್ಥವಾಗಲಿಲ್ಲ. ಮೇಲೆ ಯಾವ ಘಟಕಕ್ಕೆ ಕಿಬೋ ಅಂಟಿಕೊಳ್ಳಬೇಕಿತ್ತೋ ಆ ಹಾರ್ಮನಿ ಘಟಕದ ಜೊತೆ ಅದರ ವಿದ್ಯುತ್ ತಂತಿ, ಮಾಹಿತಿ ತಂತಿಗಳನ್ನು ನೆಲದ ಮೇಲೇ ಜೋಡಿಸಿ, ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತದೆಯೇ ಎಂದು ಪರೀಕ್ಷಿಸಿದರು.

ಕೊಲಂಬಿಯಾದ ನೆನಪಿಗೆ ಸೇರಿದ ಇನ್ನೊಂದು ಸಂಗತಿ ಹೇಳಬೇಕು. ಕಲ್ಪನಾ ಚಾವ್ಲಾ 1997ರಲ್ಲಿ ಮೊದಲ ಬಾರಿ ಅಂತರಿಕ್ಷಕ್ಕೆ ಹೋದಾಗ ಅದೇ ನೌಕೆಯಲ್ಲಿ ತಕಾವೊ ದೋಯಿ ಎಂಬ ಜಪಾನಿ ಗಗನಯಾತ್ರಿಯೂ ಇದ್ದರು. ಆ ಯಾತ್ರೆಯಲ್ಲಿ ಹಿಡಿತ ತಪ್ಪಿದ ಸ್ಪಾರ್ಟನ್ ಉಪಗ್ರಹವನ್ನು ದೋಯಿ ಮತ್ತೊಬ್ಬ ಸಹಯಾತ್ರಿಯೊಡನೆ ನೌಕೆಯ ಹೊರಗೆ ನಿಂತು ಕೈಯಲ್ಲೇ ಹಿಡಿದರು. ನೌಕೆಯ ಹೊರಗಿಳಿದು ಕೆಲಸ ಮಾಡಿದ ಮೊದಲ ಜಪಾನೀಯ ಅವರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು, 2008ರ ಮಾರ್ಚಿನಲ್ಲಿ, ಕಿಬೋದ ಮೊದಲ ಕಂತನ್ನು ಕಕ್ಷೆಗೆ ತಲುಪಿಸಿ ಅದರೊಳಗೆ ಮೊದಲು ಕಾಲಿಟ್ಟವರೂ ಅವರೇ. ಚಾವ್ಲಾ ಅವರನ್ನು ಕಳೆದುಕೊಂಡ ಅಪಘಾತದಿಂದಲೇ ತಡವಾದ ಕಿಬೋದ ಮೊದಲ ಭಾಗವನ್ನು ಅವರ ಒಡನಾಡಿ ತೆರೆದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಮೊದಲ ಕಂತು ಎಂದೆ. ಕಿಬೋ ಒಂದೇ ಸಲಕ್ಕೆ ಹೋಗಲಿಲ್ಲ. ಮೂರು ಹಾರಾಟ ಬೇಕಾದವು. ಮುಖ್ಯ ಕೋಣೆಯ ಉದ್ದ 11.2 ಮೀಟರ್, ಅಡ್ಡಳತೆ 4.4 ಮೀಟರ್. ಒಳಗೆ ಗೋಡೆ, ನೆಲ, ಛಾವಣಿ ಎಲ್ಲ ಕಡೆ ಸೇರಿ 23 ರ್‍ಯಾಕುಗಳಿಗೆ ಜಾಗ. ಒಂದೊಂದು ರ್‍ಯಾಕು ಆಳೆತ್ತರದ ಕಬ್ಬಿಣದ ಬೀರುವಿನಷ್ಟು. ಎಲ್ಲವನ್ನೂ ತುಂಬಿಸಿದರೆ ಷಟಲ್ ಹೊರುವ ತೂಕ ಮೀರುತ್ತಿತ್ತು. ಹಾಗಾಗಿ ನಾಲ್ಕೇ ರ್‍ಯಾಕುಗಳನ್ನು ಒಳಗಿಟ್ಟು, ಇನ್ನೆಂಟನ್ನು ಚಿಕ್ಕದೊಂದು ಉಗ್ರಾಣ ಘಟಕದಲ್ಲಿ ತುಂಬಿ, ಆ ಉಗ್ರಾಣವನ್ನು ಮಾರ್ಚಿನಲ್ಲೇ ಮುಂಚಿತವಾಗಿ ಕಳಿಸಿದರು. ಕಿಬೋದ ವಿದ್ಯುತ್ತು, ಕಂಪ್ಯೂಟರು, ತಂಪುನೀರಿನ ವ್ಯವಸ್ಥೆಗಳೆಲ್ಲ ಜೋಡಿಜೋಡಿಯಾಗಿವೆ. ಒಂದು ಕೆಟ್ಟರೆ ಇನ್ನೊಂದು ನಡೆಸಬೇಕು. ಆ ಜೋಡಿಯಲ್ಲಿ ಒಂದರ್ಧ ಕೋಣೆಯ ಜೊತೆಗೆ ಹೋಯಿತು, ಇನ್ನೊಂದರ್ಧ ಮೂರು ತಿಂಗಳಿಂದ ಉಗ್ರಾಣದಲ್ಲಿ ಕೂತು ಕೋಣೆಯನ್ನೇ ಕಾಯುತ್ತಿತ್ತು.

ಅದೇ ವರ್ಷ ಮೇ 31ರಂದು ಡಿಸ್ಕವರಿ ನೌಕೆ ಮುಖ್ಯ ಕೋಣೆಯನ್ನು ಹೊತ್ತು ಏರಿತು. ಕಿಬೋ ಎಷ್ಟು ಉದ್ದವೆಂದರೆ, ಕೊಲಂಬಿಯಾದ ನಂತರ ಪ್ರತಿ ನೌಕೆಯೂ ತನ್ನ ಶಾಖಕವಚ ಪರೀಕ್ಷಿಸಲು ಒಯ್ಯುತ್ತಿದ್ದ ಉದ್ದ ಸಲಾಕೆಗೆ ಈ ಸಲ ಜಾಗವೇ ಇರಲಿಲ್ಲ. ಹಿಂದಿನ ಯಾತ್ರೆಯವರು ತಮ್ಮ ಸಲಾಕೆಯನ್ನು ನಿಲ್ದಾಣದಲ್ಲೇ ಬಿಟ್ಟು ಬಂದಿದ್ದರು; ಡಿಸ್ಕವರಿಯವರು ಕಿಬೋವನ್ನು ಇಳಿಸಿದ ಮೇಲೆ ಅದನ್ನು ಎತ್ತಿಕೊಂಡರು. ಆ ಯಾತ್ರೆಯಲ್ಲಿ ಪ್ರಯೋಗಾಲಯದ ಜೊತೆ ಹೋದ ತುರ್ತು ಸಾಮಾನು, ನಿಲ್ದಾಣದ ಕೆಟ್ಟುಹೋಗಿದ್ದ ಶೌಚಾಲಯಕ್ಕೆ ಹೊಸ ಪಂಪು. ಮನುಷ್ಯ ವಾಸಿಸುವ ಕಡೆ ವಿಜ್ಞಾನ ನಡೆಯಬೇಕಾದರೆ ಅದೂ ಅಷ್ಟೇ ಮುಖ್ಯ.

ಜೂನ್ 3ರಂದು ಜೋಡಣೆ. ಅಮೆರಿಕದ ಕ್ಯಾರೆನ್ ನೈಬರ್ಗ್ ಮತ್ತು ಜಪಾನಿನ ಅಕಿಹಿಕೊ ಹೋಶಿದೆ ನಿಲ್ದಾಣದ ಕೆನಡಾ ರೋಬೋಟ್ ತೋಳನ್ನು ನಡೆಸಿ, ಸುಮಾರು 15 ಟನ್ ತೂಕದ ಕೋಣೆಯನ್ನು ನೌಕೆಯಿಂದ ಮೇಲೆತ್ತಿ ಹಾರ್ಮನಿಯ ಎಡಮಗ್ಗುಲಿಗೆ ತಂದರು. ತೂಕವಿಲ್ಲದ ಕಡೆ ಎತ್ತುವುದು ಸುಲಭ ಎಂದುಕೊಳ್ಳಬೇಡಿ. ಭಾರ ಹೋದರೂ ಜಡತ್ವ ಹೋಗುವುದಿಲ್ಲ; ಚಲಿಸತೊಡಗಿದ 15 ಟನ್ನನ್ನು ನಿಲ್ಲಿಸುವುದಕ್ಕೂ ಅಷ್ಟೇ ಬಲ ಬೇಕು. ಆದ್ದರಿಂದ ತೋಳು ಬಹಳ ನಿಧಾನವಾಗಿ ಸರಿಯುತ್ತದೆ. ಎರಡೂ ಬಾಯಿಗಳು ಸಮನಾಗಿ ಎದುರಾದ ಮೇಲೆ ನಾಲ್ಕು ಕೊಂಡಿಗಳು ಚಾಚಿ ಕೋಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಅನಂತರ ಸುತ್ತಲಿನ 16 ಬೋಲ್ಟುಗಳು ಮೋಟಾರಿನಿಂದ ತಿರುಗಿ ರಬ್ಬರಿನ ಸೀಲುಗಳನ್ನು ಬಿಗಿಯುತ್ತವೆ. ಬಿಗಿದ ಕೂಡಲೇ ಬಾಗಿಲು ತೆರೆಯುವಂತಿಲ್ಲ. ಎರಡು ಬಾಗಿಲುಗಳ ನಡುವೆ ಉಳಿದ ಸಣ್ಣ ಎಡೆಗೆ ಗಾಳಿ ಬಿಟ್ಟು, ಸೋರುತ್ತದೆಯೇ ಎಂದು ಕಾಯಬೇಕು. ಸೋರದಿದ್ದರೆ ಒಬ್ಬರು ಆ ಎಡೆಯೊಳಗೆ ಹೋಗಿ ವಿದ್ಯುತ್ ಕೇಬಲ್, ಮಾಹಿತಿಯ ಕೇಬಲ್, ತಂಪುನೀರಿನ ಹೋಗುಕೊಳವೆ, ಬರುಕೊಳವೆ, ಗಾಳಿಯ ನಳಿಕೆ ಎಲ್ಲವನ್ನೂ ಕೈಯಾರೆ ಕೂಡಿಸಬೇಕು. ಮರುದಿನ, ಜೂನ್ 4ರಂದು, ಬಾಗಿಲು ತೆರೆಯಿತು. ಜಪಾನಿನ ತ್ಸುಕುಬಾ ಕೇಂದ್ರದಲ್ಲಿ ಕೂತಿದ್ದ ನಿಯಂತ್ರಕರಿಗೆ ಆ ವರ್ಷದಿಂದ ಹಗಲುರಾತ್ರಿ ಪಾಳಿಯ ಕೆಲಸ ಶುರುವಾಯಿತು. ಇಂದಿಗೂ ಅದು ನಡೆದೇ ಇದೆ.

ಆ ಕೋಣೆಯಲ್ಲಿ ಏನೇನು ನಡೆಯಿತು ಎಂದು ಹೇಳಹೊರಟರೆ ಈ ಸಂಜೆ ಸಾಲದು. ಮೊಟ್ಟಮೊದಲ ವಿಜ್ಞಾನ ಪ್ರಯೋಗವೊಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಅದು ಶುರುವಾದದ್ದು 2008ರ ಆಗಸ್ಟಿನಲ್ಲಿ. ಹೆಸರು ಮಾರಂಗೋನಿ ಪ್ರಯೋಗ. ಕಾರ್ಲೋ ಮಾರಂಗೋನಿ 19ನೇ ಶತಮಾನದ ಇಟಲಿಯ ವಿಜ್ಞಾನಿ. ದ್ರವದ ಮೇಲ್ಮೈಯಲ್ಲಿ ಒಂದು ಎಳೆತವಿದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೀರಿ. ಬಿಸಿಯಾದ ಕಡೆ ಆ ಎಳೆತ ಕಡಿಮೆ, ತಣ್ಣಗಿರುವ ಕಡೆ ಹೆಚ್ಚು. ಆದ್ದರಿಂದ ಮೇಲ್ಮೈಯ ದ್ರವ ಬಿಸಿ ಜಾಗದಿಂದ ತಣ್ಣನೆಯ ಜಾಗಕ್ಕೆ ಹರಿಯುತ್ತದೆ. ನೆಲದ ಮೇಲೆ ಈ ಹರಿವನ್ನು ಬೇರ್ಪಡಿಸಿ ನೋಡುವುದು ಬಲು ಕಷ್ಟ, ಏಕೆಂದರೆ ಬಿಸಿ ದ್ರವ ಹಗುರಾಗಿ ಮೇಲೇರುವ ಇನ್ನೊಂದು ಹರಿವು ಅದರೊಡನೆ ಕಲೆಸಿಹೋಗುತ್ತದೆ.

ಮನೆಯಲ್ಲಿ ಪಾಕ ಹದಕ್ಕೆ ಬಂತೇ ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಹಿಡಿದು ಎಳೆದು ನೋಡುವುದುಂಟಲ್ಲ, ಕಿಬೋದೊಳಗೆ ಮಾಡಿದ್ದು ಅದೇ ಬಗೆಯದು. ಎರಡು ದುಂಡನೆಯ ಬಿಲ್ಲೆಗಳ ನಡುವೆ ಸಿಲಿಕೋನ್ ಎಣ್ಣೆಯನ್ನು ತುಂಬುತ್ತಾ ಬಿಲ್ಲೆಗಳನ್ನು ದೂರ ಸರಿಸಿದರು. ನೆಲದ ಮೇಲೆ ಇಂಥ ಎಣ್ಣೆಯ ಕಂಬ ಕೆಲವೇ ಮಿಲಿಮೀಟರು ನಿಂತೀತು. ಆಮೇಲೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಮೇಲೆ ಆರು ಸೆಂಟಿಮೀಟರು ಉದ್ದದ ಕಂಬ ಯಾವ ಆಸರೆಯೂ ಇಲ್ಲದೆ ನಿಂತಿತು. ಒಂದು ಬಿಲ್ಲೆಯನ್ನು ಬಿಸಿ ಮಾಡಿ, ಇನ್ನೊಂದನ್ನು ತಣ್ಣಗಿಟ್ಟು, ಎಣ್ಣೆಯಲ್ಲಿ ಬೆರೆಸಿದ ಸಣ್ಣ ಕಣಗಳು ಹೇಗೆ ಸುತ್ತುತ್ತವೆ ಎಂದು ಕ್ಯಾಮೆರಾದಿಂದ ನೋಡಿದರು. ಬಿಸಿಯ ಅಂತರ ಒಂದು ಮಿತಿ ದಾಟುವವರೆಗೆ ಹರಿವು ಸಮನಾಗಿರುತ್ತದೆ. ದಾಟಿತೆಂದರೆ ತೂಗಾಡತೊಡಗುತ್ತದೆ. ಆ ಮಿತಿ ಎಲ್ಲಿದೆ, ಕಂಬದ ಉದ್ದಕ್ಕೂ ದಪ್ಪಕ್ಕೂ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದೇ ಪ್ರಶ್ನೆ.

ಇಷ್ಟು ಸೂಕ್ಷ್ಮ ಕೆಲಸಕ್ಕೆ ನಿಲ್ದಾಣದಲ್ಲಿರುವ ಮನುಷ್ಯರೇ ಅಡ್ಡಿ. ಯಾರಾದರೂ ಗೋಡೆಗೆ ಕಾಲು ಒತ್ತಿ ಮುಂದಕ್ಕೆ ತೇಲಿದರೂ, ವ್ಯಾಯಾಮದ ಯಂತ್ರದ ಮೇಲೆ ಓಡಿದರೂ ಎಣ್ಣೆಯ ಕಂಬ ನಡುಗುತ್ತದೆ. ಅದಕ್ಕೆ ಗಗನಯಾತ್ರಿಗಳು ಮಲಗುವವರೆಗೂ ಕಾದು, ಅವರು ನಿದ್ದೆಹೋದ ಹೊತ್ತಿನಲ್ಲಿ ತ್ಸುಕುಬಾದಿಂದ ವಿಜ್ಞಾನಿಗಳೇ ಆಜ್ಞೆ ಕಳಿಸಿ ಪ್ರಯೋಗ ನಡೆಸುತ್ತಿದ್ದರು. ಒಂದು ರಾತ್ರಿಯಲ್ಲ, ವರ್ಷಗಟ್ಟಲೆ, ಸರಣಿಯಾಗಿ. ಸಿಲಿಕಾನಿನ ಹರಳನ್ನು ಪಾತ್ರೆಯಿಲ್ಲದೆ ಕರಗಿಸಿ ಬೆಳೆಸುವ ವಿಧಾನದಲ್ಲಿ ಇದೇ ಹರಿವು ಹರಳಿನೊಳಗೆ ದೋಷ ತರುತ್ತದೆ. ಎಣ್ಣೆಯ ಕಂಬದ ಲೆಕ್ಕಾಚಾರಕ್ಕೆ ಆ ಉಪಯೋಗವಿದೆ. ಉಪಯೋಗ ಬದಿಗಿರಲಿ, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲು ಸಿಕ್ಕ ಅವಕಾಶವೇ ದೊಡ್ಡದು ಎಂದು ನನಗೆ ತೋರುತ್ತದೆ. ಒಮ್ಮೆ ಹೋಗಿ ಬರುವ ನೌಕೆಯಲ್ಲಿ ಪ್ರಯೋಗ ಮಾಡಬಹುದು. ಮೊದಲ ಸಲ ಬಂದ ಉತ್ತರ ಸರಿಯೇ ಎಂದು ಮರುಪರೀಕ್ಷೆ ಮಾಡಲು ಅಲ್ಲೇ ನಿಂತಿರುವ ಕೋಣೆ ಬೇಕು.

ಕಿಬೋದಲ್ಲಿ ಆಮೇಲೆ ಇಲಿಗಳನ್ನು ಸಾಕಿದರು. ಪ್ರೋಟೀನಿನ ಹರಳು ಬೆಳೆಸಿದರು. ಕುಲುಮೆಯೊಂದರಲ್ಲಿ ವಿದ್ಯುದಾವೇಶದ ಬಲದಿಂದ ವಸ್ತುವನ್ನು ಗಾಳಿಯಲ್ಲೇ ತೇಲಿಸಿ, ಯಾವ ಪಾತ್ರೆಗೂ ಸೋಕಿಸದೆ ಲೇಸರಿನಿಂದ ಕರಗಿಸಿ, ಅದರ ಸಾಂದ್ರತೆಯನ್ನೂ ಸ್ನಿಗ್ಧತೆಯನ್ನೂ ಅಳೆದರು.

ಮೂರನೆಯ ಕಂತು 2009ರ ಜುಲೈಯಲ್ಲಿ ಹೋಯಿತು. ಕೋಣೆಯಾಚೆಗೆ ಚಾಚಿಕೊಂಡ, ಗೋಡೆ ಛಾವಣಿ ಯಾವುದೂ ಇಲ್ಲದ ಜಗಲಿ ಅದು. ದೂರದರ್ಶಕ, ಸಂವೇದಕಗಳನ್ನು ಬರಿಯ ಅಂತರಿಕ್ಷಕ್ಕೆ ಒಡ್ಡಲು ಅಲ್ಲಿ 12 ಕಡೆ ಕೊಂಡಿಗಳಿವೆ. ಕೋಣೆಯೊಳಗಿಂದಲೇ ನಡೆಸುವ 10 ಮೀಟರಿನ ರೋಬೋಟ್ ತೋಳು ಸಾಮಾನನ್ನು ಎತ್ತಿ ಇಡುತ್ತದೆ.

ಈ ಜಗಲಿಯ ಮೇಲೆ 2009ರಿಂದ ಮ್ಯಾಕ್ಸಿ ಎಂಬ ಕ್ಷ-ಕಿರಣ ಕಾವಲುಗಾರ ಕೂತಿದೆ. ನಿಲ್ದಾಣ ಒಂದು ಸುತ್ತು ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ಇಡೀ ಆಕಾಶವನ್ನು ಒಮ್ಮೆ ಸವರಿ ನೋಡುತ್ತದೆ. ಎಲ್ಲಾದರೂ ಹೊಸ ಬೆಳಕು ಹೊತ್ತಿತೆಂದರೆ ಜಗತ್ತಿನ ಖಗೋಳಜ್ಞರಿಗೆಲ್ಲ ಸುದ್ದಿ ಹೋಗುತ್ತದೆ. 2017ರಲ್ಲಿ ಒಂದು, 2018ರಲ್ಲಿ ಇನ್ನೊಂದು ಕಪ್ಪುಕುಳಿ ಹೀಗೆ ಒಮ್ಮೆಲೇ ಉಕ್ಕಿದ್ದನ್ನು ಮ್ಯಾಕ್ಸಿ ಕಂಡಿತು. ಆ ಎರಡನ್ನೂ ನಮ್ಮ ಆಸ್ಟ್ರೋಸ್ಯಾಟ್ ದೂರದರ್ಶಕ ತಿರುಗಿ ನೋಡಿ ವಿವರವಾಗಿ ಅಳೆಯಿತು. ಆಸ್ಟ್ರೋಸ್ಯಾಟನ್ನು ನಡೆಸುವುದು ಬೆಂಗಳೂರಿನಿಂದ. ಜಪಾನಿನ ಜಗಲಿಯಿಂದ ಬಂದ ಸುದ್ದಿಯ ಬೆನ್ನು ಹಿಡಿದು ಬೆಂಗಳೂರಿನ ವಿಜ್ಞಾನಿಗಳು ಪ್ರಬಂಧ ಬರೆದರು. ಹಂಚಿಕೊಂಡ ಉಪಕರಣದ ಫಲ ಹೀಗೆ ದೂರದವರೆಗೆ ಹರಿಯುತ್ತದೆ.

ಕೊನೆಗೆ ಬಾಗಿಲ ವಿಚಾರ. ಒಳಗಿನ ಕೋಣೆಗೂ ಹೊರಗಿನ ಜಗಲಿಗೂ ನಡುವೆ ಒಂದು ಏರ್‌ಲಾಕ್ ಇದೆ. ಎರಡು ಕಡೆ ಮುಚ್ಚಳವಿರುವ ಡಬ್ಬ ಎನ್ನಿ. ಒಳಮುಚ್ಚಳ ತೆರೆದು ಸಾಮಾನನ್ನು ಜಾರುಮೇಜಿನ ಮೇಲೆ ಬಿಗಿದು, ಮುಚ್ಚಿ, ಗಾಳಿ ತೆಗೆದು, ಹೊರಮುಚ್ಚಳ ತೆರೆದರೆ ರೋಬೋಟ್ ತೋಳು ಅದನ್ನು ಹಿಡಿದುಕೊಳ್ಳುತ್ತದೆ. ಯಾರೂ ಪೋಷಾಕು ತೊಟ್ಟು ಜೀವ ಪಣಕ್ಕಿಟ್ಟು ಹೊರಗಿಳಿಯಬೇಕಾಗಿಲ್ಲ. ಇದನ್ನು ಮಾಡಿದ್ದು ಜಗಲಿಯ ಉಪಕರಣಗಳ ಸಲುವಾಗಿ. ಇದರಿಂದ ಉಪಗ್ರಹಗಳನ್ನೂ ಬಿಡಬಹುದಲ್ಲ ಎಂಬ ಯೋಚನೆ ಯಾರಿಗೋ ಹೊಳೆಯಿತು. 2012ರ ಅಕ್ಟೋಬರ್ 4ರಂದು ತೋಳಿನ ತುದಿಯಲ್ಲಿ ಹಿಡಿದ ಪೆಟ್ಟಿಗೆಯಿಂದ, ಸ್ಪ್ರಿಂಗು ತಳ್ಳಿದ ರಭಸಕ್ಕೆ, ಪುಟ್ಟ ಉಪಗ್ರಹಗಳು ಹೊರಬಿದ್ದವು. ಕಿಬೋವನ್ನು ಜೋಡಿಸಿದ್ದ ಅಕಿಹಿಕೊ ಹೋಶಿದೆ ಆಗಲೂ ನಿಲ್ದಾಣದಲ್ಲಿದ್ದರು. ಫುಕುವೊಕಾದ ತಾಂತ್ರಿಕ ಸಂಸ್ಥೆಯೊಂದು ಮಾಡಿದ ಉಪಗ್ರಹ ಎಲ್‌ಇಡಿ ದೀಪ ಮಿನುಗಿಸಿ ರಾತ್ರಿಯ ಆಕಾಶದಲ್ಲಿ ಮೋರ್ಸ್ ಸಂಕೇತ ಬರೆಯಿತು.

ಹತ್ತು ಸೆಂಟಿಮೀಟರಿನ ಘನ, ತೂಕ ಒಂದು ಕಿಲೋ ಆಸುಪಾಸು; ಇಷ್ಟೇ ಆ ಉಪಗ್ರಹಗಳಲ್ಲಿ ಹೆಚ್ಚಿನವುಗಳ ಗಾತ್ರ. ರಾಕೆಟ್ಟಿನ ತುದಿಗೆ ಬಿಗಿದು ಕಳಿಸಿದರೆ ಅವು ಅಪಾರ ಕಂಪನ ತಡೆಯಬೇಕು. ನಿಲ್ದಾಣಕ್ಕೆ ಸಾಮಾನು ಒಯ್ಯುವ ನೌಕೆಯಲ್ಲಾದರೆ ಮೆತ್ತನೆಯ ಸ್ಪಂಜಿನಲ್ಲಿ ಸುತ್ತಿಕೊಂಡು ಹೋಗುತ್ತವೆ. ಮೇಲೆ ಒಬ್ಬ ಮನುಷ್ಯ ಕಣ್ಣಲ್ಲಿ ನೋಡಿ, ಸರಿಯಿದೆ ಎಂದ ಮೇಲೆಯೇ ಹೊರಬೀಳುತ್ತವೆ. ಎತ್ತರ ಕಡಿಮೆಯಾದ್ದರಿಂದ ಒಂದೆರಡು ವರ್ಷದೊಳಗೆ ತಾವಾಗಿ ಇಳಿದು ವಾತಾವರಣದಲ್ಲಿ ಉರಿದುಹೋಗುತ್ತವೆ; ಕಕ್ಷೆಯಲ್ಲಿ ಕಸ ಉಳಿಯುವುದಿಲ್ಲ. ಮೊದಲ ಸಲ ಉಪಗ್ರಹ ಮಾಡುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹಿತವಾದ ದಾರಿ ಇನ್ನೊಂದಿಲ್ಲ.

ಆಮೇಲೆ ನಡೆದದ್ದನ್ನು ಓದುವಾಗೆಲ್ಲ ನನಗೆ ಖುಷಿಯಾಗುತ್ತದೆ. ಜಪಾನಿನ ಕ್ಯೂಶು ತಾಂತ್ರಿಕ ಸಂಸ್ಥೆ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ಕರೆಸಿ, ಅವರ ಕೈಯಿಂದಲೇ ಉಪಗ್ರಹ ಮಾಡಿಸಿತು. 2017ರಲ್ಲಿ ಘಾನಾ, ಮಂಗೋಲಿಯಾ, ಬಾಂಗ್ಲಾದೇಶ. 2018ರಲ್ಲಿ ಭೂತಾನ್. 2019ರಲ್ಲಿ ನೇಪಾಳ ಮತ್ತು ಶ್ರೀಲಂಕಾ. ವಿಶ್ವಸಂಸ್ಥೆಯ ಬಾಹ್ಯಾಕಾಶ ಕಚೇರಿ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ 2015ರಲ್ಲಿ ಇದಕ್ಕೆಂದೇ ಒಂದು ಯೋಜನೆ ಶುರುಮಾಡಿದವು. ಅದರಡಿ ನೈರೋಬಿ ವಿಶ್ವವಿದ್ಯಾಲಯದ ಉಪಗ್ರಹ 2018ರ ಮೇ 11ರಂದು ಕಿಬೋದಿಂದ ಹೊರಬಿತ್ತು. ಕೀನ್ಯಾ ದೇಶದ ಮೊದಲ ಉಪಗ್ರಹ ಅದು. ಅದೇ ದಿನ ಕೋಸ್ಟರಿಕಾದ ಮೊದಲ ಉಪಗ್ರಹವೂ ಹೊರಟಿತು. ಆಮೇಲೆ ಗ್ವಾಟೆಮಾಲಾ, ಮಾರಿಷಸ್, ಮಾಲ್ಡೋವಾ. 2024ರ ಡಿಸೆಂಬರಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದವರು ಮ್ಯಾಗ್ನೋಲಿಯಾ ಜಾತಿಯ ಮರದ ಹಲಗೆಯಿಂದ ಮಾಡಿದ ಉಪಗ್ರಹವನ್ನು ಅಲ್ಲಿಂದಲೇ ಬಿಟ್ಟರು. ಹೊರಜಗತ್ತಿಗೆ ಕಿಬೋ ಹೆಚ್ಚು ಪರಿಚಯವಾದದ್ದು ಅದರ ರ್‍ಯಾಕುಗಳಿಂದಲ್ಲ, ಈ ಬಾಗಿಲಿನಿಂದ.

ಇಷ್ಟು ಹಣ ಸುರಿದು ಮೇಲೆ ಕೋಣೆ ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕಕ್ಷೆಯಲ್ಲಿ ಬೆಳೆಸಿದ ಹರಳುಗಳಿಂದ ಔಷಧಿಗಳ ಮಳೆ ಸುರಿಯುತ್ತದೆ ಎಂದು ನಿಲ್ದಾಣ ಕಟ್ಟುವ ಮೊದಲು ಹೇಳುತ್ತಿದ್ದುದು ಉತ್ಪ್ರೇಕ್ಷೆಯಾಗಿತ್ತು. ಪುಟ್ಟ ಉಪಗ್ರಹ ಬಿಡುವುದಕ್ಕಾಗಿಯೇ ನಿಲ್ದಾಣ ಬೇಕೆಂದು ನಾನೂ ವಾದಿಸಲಾರೆ. ನಮ್ಮಲ್ಲೇ ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ ಸ್ಟಡ್‌ಸ್ಯಾಟ್, ಒಂದು ಕಿಲೋಗಿಂತಲೂ ಹಗುರವಾದದ್ದು, 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಏರಿ ಹೋಗಿತ್ತು. ನನ್ನ ಮಾತು ಇಷ್ಟು: ಕೋಣೆಯೊಂದು ಹೇಗೂ ಇದೆ ಎಂದಾದಾಗ ಅದನ್ನು ಅನ್ಯರಿಗೂ ತೆರೆದಿಟ್ಟರೆ, ಕಟ್ಟಿದವರು ಊಹಿಸಿರದ ಕೆಲಸಗಳು ಅಲ್ಲಿ ನಡೆಯುತ್ತವೆ.

ಇದರ ಗುಣ ನಾವೂ ಈಚೆಗೆ ಕಂಡಿದ್ದೇವೆ. 2025ರ ಜೂನ್ 26ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣ ತಲುಪಿದಾಗ ಇಸ್ರೋ ಆರಿಸಿದ ಏಳು ಪ್ರಯೋಗಗಳು ಅವರ ಜೊತೆಗಿದ್ದವು. ಅವುಗಳಲ್ಲೊಂದು ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಕಳಿಸಿದ ಹೆಸರುಕಾಳು, ಮೆಂತ್ಯಕಾಳು ಮೇಲೆ ಮೊಳೆತವು. ಶುಕ್ಲಾ ಗಾಜಿನ ತಟ್ಟೆಯಲ್ಲಿ ಮೊಳಕೆಯೊಡೆದ ಕಾಳುಗಳ ಚಿತ್ರ ತೆಗೆದು, ಅವನ್ನು ನೆಲಕ್ಕೆ ತರಲು ಫ್ರೀಜರಿನಲ್ಲಿಟ್ಟರು. ದೂರದ ಯಾನದಲ್ಲಿ ಗಗನಯಾತ್ರಿಗಳಿಗೆ ತಾಜಾ ಆಹಾರ ಬೇಕು. ಮೊಳಕೆಕಾಳಿಗೆ ಮಣ್ಣು ಬೇಡ, ಬೆಂಕಿ ಬೇಡ, ನಾಲ್ಕು ದಿನ ಸಾಕು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗ ಸ್ನಾಯುವಿನ ಸ್ಟೆಮ್ ಕೋಶಗಳ ಮೇಲೆ. ತೂಕವಿಲ್ಲದ ಕಡೆ ಸ್ನಾಯು ಏಕೆ ಸೊರಗುತ್ತದೆ, ಯಾವ ಪೂರಕ ಕೊಟ್ಟರೆ ಚೇತರಿಸಿಕೊಳ್ಳುತ್ತದೆ ಎಂಬ ಆ ಹುಡುಕಾಟಕ್ಕೆ ನಮ್ಮ ಹಾಸಿಗೆ ಹಿಡಿದ ಮುದುಕರಲ್ಲೂ ಉಪಯೋಗ ಸಿಕ್ಕೀತು. ಆ ಕೆಲಸವನ್ನು ಶುಕ್ಲಾ ಮಾಡಿದ್ದು ಕೈಗವಸು ಜೋಡಿಸಿದ ಗಾಜಿನ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಇರುವುದು ಕಿಬೋದೊಳಗೆ.

ಶುಕ್ಲಾ ಅವರಿಗೆ ಅಲ್ಲಿ ಸಿಕ್ಕಿದ್ದು 18 ದಿನ. ಧಾರವಾಡದ ಕಾಳು ಒಮ್ಮೆ ಮೊಳೆಯಿತು. ಎರಡನೆಯ ಸಲವೂ ಹಾಗೇ ಮೊಳೆಯುತ್ತದೆಯೇ? ಅದರಲ್ಲಿನ ಪೋಷಕಾಂಶ ಸಲದಿಂದ ಸಲಕ್ಕೆ ಬದಲಾಗುತ್ತದೆಯೇ? ಮೊಳಕೆಗೆ ಅಂಟುವ ಸೂಕ್ಷ್ಮಜೀವಿಗಳು ಯಾವುವು, ತಿಂದವರಿಗೆ ಅವು ಅಪಾಯವೇ? ಜಪಾನಿನವರು ಎಣ್ಣೆಯ ಕಂಬವನ್ನು ವರ್ಷಗಟ್ಟಲೆ ನೋಡಿದ ಹಾಗೆ ನಾವು ಹೆಸರುಕಾಳನ್ನು ನೋಡಬೇಕಾದರೆ ನಮ್ಮದೇ ಕೋಣೆ ಬೇಕು.

ಆ ಕೋಣೆಗೆ ಸಿದ್ಧತೆ ನಡೆದಿದೆ. ಎರಡು ನೌಕೆಗಳನ್ನು ಕಕ್ಷೆಯಲ್ಲಿ ಕೂಡಿಸುವ ವಿದ್ಯೆಯನ್ನು ಇಸ್ರೋ 2025ರ ಜನವರಿ 16ರಂದು ಸ್ಪೇಡೆಕ್ಸ್ ಉಪಗ್ರಹಗಳಲ್ಲಿ ಸಾಧಿಸಿ ತೋರಿಸಿತು. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. 2028ರೊಳಗೆ ಅದನ್ನು ಹಾರಿಸಿ, 2035ರ ಹೊತ್ತಿಗೆ ಐದು ಘಟಕಗಳ ನಿಲ್ದಾಣ ಪೂರೈಸುವ ಗುರಿ. ಮೊದಲ ಘಟಕದ ತೂಕ ಸುಮಾರು 10 ಟನ್. ಕಿಬೋಗಿಂತ ಚಿಕ್ಕದು, ಸರಿ, ಚಿಕ್ಕದಾದರೆ ಚಿಂತೆಯಿಲ್ಲ.

ನನ್ನ ಕೋರಿಕೆಗಳು ಮೂರು. ಮೊದಲನೆಯದು, ಒಂದು ರ್‍ಯಾಕನ್ನು ಕಾಲೇಜು, ವಿಶ್ವವಿದ್ಯಾಲಯಗಳ ಪ್ರಯೋಗಕ್ಕೆಂದೇ ಮೀಸಲಿಡಬೇಕು. ಧಾರವಾಡದಂಥ ಕಡೆಯಿಂದ ಬರುವ ಕಾಳಿನ ಪೊಟ್ಟಣಕ್ಕೆ ಪ್ರತಿ ಸಾಮಾನು ನೌಕೆಯಲ್ಲೂ ಜಾಗ ಸಿಗಬೇಕು. ಎರಡನೆಯದು, ಹೊರಗೆ ಚಿಕ್ಕದಾದರೂ ಒಂದು ಜಗಲಿ ಇರಬೇಕು. ಮೂರನೆಯದು ಏರ್‌ಲಾಕ್. ನಮ್ಮ ನೆರೆಹೊರೆಯ ದೇಶಗಳ ವಿದ್ಯಾರ್ಥಿಗಳು ಮೊದಲ ಉಪಗ್ರಹಕ್ಕೆ ತ್ಸುಕುಬಾದ ಕಡೆ ನೋಡಿದರು. ಮುಂದಿನದಕ್ಕೆ ಬೆಂಗಳೂರಿನ ಕಡೆ ನೋಡುವಂತಾಗಬೇಕು. ಕಿಬೋದ ಏರ್‌ಲಾಕಿಗೆ ಸರದಿ ಎಷ್ಟು ಬೆಳೆಯಿತೆಂದರೆ, ಅಮೆರಿಕದ ಖಾಸಗಿ ಕಂಪನಿಯೊಂದು ಬಿಷಪ್ ಎಂಬ ಇನ್ನೊಂದು ಏರ್‌ಲಾಕನ್ನು ಮಾಡಿ 2020ರ ಡಿಸೆಂಬರಿನಲ್ಲಿ ನಿಲ್ದಾಣಕ್ಕೆ ಜೋಡಿಸಿತು. ಅದು ಸಾಧ್ಯವಾದದ್ದು ಅಲ್ಲೊಂದು ಜೋಡಣೆಯ ಬಾಯಿ ಖಾಲಿ ಇದ್ದುದರಿಂದ. ಅಂಥ ಬಾಯನ್ನು ಮೊದಲೇ ಬಿಟ್ಟಿರಬೇಕು. ಹಾರಿದ ಮೇಲೆ ಗಾಳಿ ತುಂಬಿದ ಲೋಹದ ಗೋಡೆಯನ್ನು ಯಾರೂ ಕೊರೆಯಲಾರರು. ಮಾನವಸಹಿತ ಯಾನದ ಇಸ್ರೋ ಕೇಂದ್ರ ಬೆಂಗಳೂರಿನಲ್ಲೇ ಇದೆ, ಕೆಲಸ ಮಾಡುವವರಲ್ಲಿ ಕನ್ನಡಿಗರೂ ಇದ್ದಾರೆ. ಈ ಮಾತು ಅವರ ಕಿವಿಗೆ ತಲುಪಲಿ ಎಂದು ಇಷ್ಟು ವಿವರವಾಗಿ ಹೇಳಿದೆ.